ಗುಮ್ಮಟವೂ ಗುಮಾನಿಯೂ

ನಮ್ಮ ಮನೆಯಲ್ಲಿ ನನ್ನ ಕೈಚಳಕದ ಮೇಲೆ ನಂಬಿಕೆ ಇಟ್ಟಿರುವುದು ಗೋಡೆ ಗಡಿಯಾರ ಒಂದೇ. ನಾನು ರಿಪೇರಿ ಮಾಡಿಯೇನೆಂದು ಕಾಯುತ್ತಾ ಅದು ವರ್ಷಗಳಿಂದ ನಿಂತೇ ಇದೆ. ಉಳಿದವರು, ನಾನು ಸ್ಕ್ರೂಡ್ರೈವರ್ ಹಿಡಿದರೆ ಸಾಕು, ಮೇನ್ ಸ್ವಿಚ್ ಆರಿಸಲು ಓಡುತ್ತಾರೆ.

ಇದಕ್ಕೆಲ್ಲ ಮೂಲಪುರುಷರು ನನ್ನ ಮಾವನವರು. ಎರಡೇ ಸೀಟಿನ ಪುಟ್ಟ ತರಬೇತಿ ವಿಮಾನದಲ್ಲಿ ಹೊಸಬರಿಗೆ ಹಾರಾಟ ಕಲಿಸಿ ನಿವೃತ್ತರಾದವರು. ಜೀವನವಿಡೀ ಜನರನ್ನು ಮೇಲಿನಿಂದ ನೋಡಿ ರೂಢಿಯಾದ ಅವರು ನನ್ನನ್ನೂ ಹಾಗೆಯೇ ನೋಡುತ್ತಾರೆ. ಮದುವೆಯಾದ ಹೊಸತರಲ್ಲಿ ಅವರ ಮನೆಯಲ್ಲೊಂದು ಬಲ್ಬು ಬದಲಿಸಲು ಹೋಗಿ ನಾನು ಇಡೀ ಬೀದಿಯನ್ನು ಕತ್ತಲಾಗಿಸಿದಂದಿನಿಂದ, "ಅಳಿಯಂದಿರೇ, ನೀವು ಸುಮ್ನೆ ಕೂತ್ಕೊಳ್ಳಿ" ಎನ್ನುವುದೇ ಅವರ ಮಂತ್ರ. ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ, ಅವರು ಹಾರಿಸುತ್ತಿದ್ದ ಅದೇ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಸ್ವಹಸ್ತದಿಂದ ಕಟ್ಟಿಕೊಟ್ಟು ಈ ಕಳಂಕವನ್ನು ತೊಳೆದುಕೊಳ್ಳುವುದೆಂದು ನಾನು ಘೋರ ಪ್ರತಿಜ್ಞೆ ಮಾಡಿದೆ. ಗುಟ್ಟು ತಿಳಿದಿದ್ದುದು ನನ್ನ ಹೆಂಡತಿಗೆ ಮಾತ್ರ.

"ನೀವಾ?" ಎಂದಳು ಅವಳು. ಎರಡೇ ಅಕ್ಷರ, ಅದರೊಳಗೊಂದು ಇಡೀ ದೋಷಾರೋಪಪಟ್ಟಿ.

"ಕನ್ನಡಕದ ಅಂಗಡಿ ಇಟ್ಟಿರೋನು ಕಣೇ ನಾನು. ಫ್ರೇಮಿಗೆ ಗಾಜು ಕೂರಿಸೋದೇ ನನ್ನ ಕಸುಬು."

"ಕೂರಿಸೋದು ನಿಮ್ಮ ಸಹಾಯಕಿ. ನೀವು ಕೂತಿರ್ತೀರಿ."

ರೆಕ್ಕೆ, ಬಾಲ, ಚಕ್ರಗಳು ಒಳ್ಳೆಯ ಮಕ್ಕಳಂತೆ ಹೇಳಿದಲ್ಲಿ ಕೂತವು. ಕೈಕೊಟ್ಟಿದ್ದು ಚಾಲಕನ ತಲೆಯ ಮೇಲೆ ಬರುವ ಪಾರದರ್ಶಕ ಗುಮ್ಮಟ. ಮುಂದೆ ಒತ್ತಿದರೆ ಹಿಂದೆ ಏಳುತ್ತದೆ, ಹಿಂದೆ ಒತ್ತಿದರೆ ಮುಂದೆ ಏಳುತ್ತದೆ, ಎರಡೂ ಕಡೆ ಒತ್ತಿದರೆ ಪಕ್ಕಕ್ಕೆ ಜಾರುತ್ತದೆ. (ಅದರ ಎದುರು ನನ್ನ ಅತ್ಯಂತ ತಕರಾರಿನ ಗಿರಾಕಿಯೂ ಸಾಧುಪ್ರಾಣಿ.) ಅಂಚನ್ನು ಉಜ್ಜುಕಾಗದದಿಂದ ತಿಕ್ಕಿದೆ. ಏಳುವುದು ನಿಂತಿತು, ಆದರೆ ಸುತ್ತಲೂ ಇರುವೆಗಳು ಮೆರವಣಿಗೆ ಹೋಗುವಷ್ಟು ಸಂದು ಬಿತ್ತು. ಸಂದಿಗೆ ಬಿಳಿ ಗೋಂದು ತುಂಬಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ, ಆಮೇಲೆ ಅದು ಗಾಜಿನಂತೆ ತಿಳಿಯಾಗುತ್ತದೆ ಎಂದು ಮಾದರಿ ಮಾರಿದ ಅಂಗಡಿಯವನು ಹೇಳಿದ್ದ. ಹಾಗೇ ಮಾಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಮಾವನವರು, ತಮ್ಮ ಮನೆಗೆ ಬಣ್ಣ ಹೊಡೆಸುತ್ತಿರುವ ನೆಪದಲ್ಲಿ, ಹುಟ್ಟುಹಬ್ಬಕ್ಕೆ ಮುಂಚೆಯೇ ನಮ್ಮಲ್ಲಿ ಬಂದಿಳಿದರು. ಗಾಬರಿಯಲ್ಲಿ ನಾನು ಕ್ಷಣದಲ್ಲಿ ಹಿಡಿಯುವ ಅಂಟನ್ನು ಅಂಚಿಗೆಲ್ಲ ಸುರಿದು, ಗುಮ್ಮಟವನ್ನು ಒತ್ತಿ, ಮಾದರಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಡಬ್ಬಿಯನ್ನು ಪಕ್ಕದ ಕೋಣೆಯಲ್ಲಿಟ್ಟು, ಬಾಗಿಲೆಳೆದು ಅಂಗಡಿಗೆ ಹೋದೆ.

ಸಂಜೆ ಮರಳಿದಾಗ ಮಾವನವರು ಅದೇ ಕೋಣೆಯಿಂದ ಕೈಯೊರೆಸಿಕೊಳ್ಳುತ್ತಾ ಹೊರಬರುತ್ತಿದ್ದರು.

"ಫ್ಯಾನ್ ಆರಿಸಿದೆಯಾ ಅಂತ ನೋಡೋಕೆ ಹೋಗಿದ್ದೆ" ಎಂದರು. ನಾನು ಏನೂ ಕೇಳಿರಲಿಲ್ಲ. ಆ ಕೋಣೆಯಲ್ಲಿ ಫ್ಯಾನೂ ಇಲ್ಲ.

ಡಬ್ಬಿ ತೆರೆದೆ. ಗುಮ್ಮಟಕ್ಕೆ ಕಣ್ಣಿನ ಪೊರೆ ಬಂದಂತೆ ಬಿಳುಪು ಕವಿದಿತ್ತು. ನಟ್ಟನಡುವೆ ಸುಳಿಸುಳಿಯಾಗಿ, ಸ್ಪಷ್ಟವಾಗಿ, ಒಂದು ಹೆಬ್ಬೆರಳಿನ ಗುರುತು. ಬಟ್ಟೆಯಿಂದ ತಿಕ್ಕಿದೆ. ಅಲ್ಲಾಡಲಿಲ್ಲ.

ಆಗ ನನಗೆ ಎಲ್ಲವೂ ಹೊಳೆಯಿತು. ನನ್ನ ಕೈಯಿಂದ ಒಂದೇ ಒಂದು ಕೆಲಸ ನೆಟ್ಟಗಾಗಿಬಿಟ್ಟರೂ ಮಾವನವರ ಮಂತ್ರಕ್ಕೆ ಶಕ್ತಿ ಹೋಗುತ್ತದೆ. ಅದನ್ನು ತಡೆಯಲು ಯಾವುದೋ ಮದ್ದು ಬಳಿದಿದ್ದಾರೆ. ಮಗಳೂ ಶಾಮೀಲು. ಇಲ್ಲದಿದ್ದರೆ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದ ತಂದೆ ಮಗಳು ನಾನು ಕಾಲಿಟ್ಟ ಕೂಡಲೇ "ಏನು ಸೆಕೆ, ಏನು ಸೆಕೆ" ಎಂದು ಮಾತು ತಿರುಗಿಸುವುದೇಕೆ?

ಮರುದಿನ ಬೆಳಿಗ್ಗೆ ತನಿಖೆ ಆರಂಭಿಸಿದೆ. ನಾನೇ ಚಹಾ ಮಾಡಿ, ಗಾಜಿನ ಲೋಟಗಳನ್ನು ಉಜ್ಜಿ ತೊಳೆದು, ಇಬ್ಬರಿಗೂ ಕೊಟ್ಟೆ. ಹೆಂಡತಿ ಲೋಟವನ್ನು ಮೂಸಿ ನೋಡಿದಳು. ಮಾವನವರು ಮಗಳು ಮೊದಲ ಗುಟುಕು ಕುಡಿಯುವವರೆಗೆ ಕಾದರು. ಖಾಲಿ ಲೋಟಗಳನ್ನು ಕರವಸ್ತ್ರದಲ್ಲಿ ಹಿಡಿದು ಕೋಣೆಗೆ ಒಯ್ದು, ಹೆಂಡತಿಯ ಮುಖದ ಪೌಡರನ್ನು ಅವಳದೇ ಬ್ರಶ್ಶಿನಿಂದ ಬಳಿದು, ಭೂತಗನ್ನಡಿ ಹಿಡಿದು ಕೂತೆ.

"ಲೋಟಕ್ಕೆ ಯಾಕ್ರೀ ಮೇಕಪ್ಪು?"

ಬಾಗಿಲಲ್ಲಿ ಹೆಂಡತಿ. ಅವಳ ಭುಜದ ಹಿಂದೆ ಮಾವನವರ ತಲೆ.

"ನಾನು ಹೇಳ್ಲಿಲ್ವಾ ಮಗಳೇ" ಎಂದರು ಅವರು ಮೆಲ್ಲಗೆ. "ಬಾಗಿಲು ಹಾಕ್ಕೊಂಡು ಏನೋ ಘಾಟು ವಾಸನೇದು ಮೂಸ್ತಾರೆ ಇವರು. ನಿನ್ನೆ ಅದನ್ನೇ ಹುಡುಕೋಕೆ ಬಂದಿದ್ದೆ. ನೀನು ನಂಬಲಿಲ್ಲ. ಈಗ ನೋಡು, ಎಲ್ಲಿಗೆ ಬಂದಿದೆ."

ನನಗೆ ಮೈಯೆಲ್ಲ ಉರಿಯಿತು. ಗುಟ್ಟು ಹೋದರೆ ಹೋಗಲಿ ಎಂದು ಡಬ್ಬಿಯಿಂದ ಮಾದರಿಯನ್ನು ತೆಗೆದು ಮೇಜಿನ ಮೇಲಿಟ್ಟೆ. "ನಾನು ಕಟ್ಟಿದ್ದು ಇದನ್ನ, ಮಾವ. ನಿಮಗೋಸ್ಕರ. ಹಾಳು ಮಾಡಿದ್ದು ನೀವು. ಇಲ್ಲಿ ನಿಮ್ಮ ಹೆಬ್ಬೆರಳೇ ಸಾಕ್ಷಿ ಹೇಳ್ತಿದೆ."

ಮಾವನವರು ಕುರ್ಚಿ ಎಳೆದುಕೊಂಡು ಕೂತು ಮಾದರಿಯನ್ನೇ ನೋಡುತ್ತಾ ಉಳಿದರು. ಹೆಂಡತಿ ಗುಮ್ಮಟದ ಮೇಲೆ ಉಗುರಾಡಿಸಿ ನೋಡಿದಳು.

"ಗುರುತು ಇರೋದು ಒಳಗಡೆ ಅಲ್ವೇನ್ರೀ? ನೀವು ಅಂಟಿಸಿ ಮುಚ್ಚಿದ ಮೇಲೆ ಅಪ್ಪ ಒಳಗೆ ಹೇಗೆ ಹೋದ್ರು? ಟಿಕೆಟ್ ತಗೊಂಡಾ?"

ಅವಳು ಮಾದರಿ ಮಾರಿದ ಅಂಗಡಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಆ ಅಂಟು ಹಾಕಿ ಡಬ್ಬಿ ಮುಚ್ಚಿಟ್ರಾ?" ಅಂಗಡಿಯವನ ದನಿಯಲ್ಲಿ ನಗು ತಡೆದ ಸದ್ದು. "ಅದರ ಆವಿಗೇ ಮೇಡಂ ಬಿಳಿ ಪೊರೆ ಕಟ್ಟೋದು. ಒಳಗೆ ಮೊದಲೇ ಬೆರಳು ತಾಗಿದ್ರೆ ಅಲ್ಲೇ ಜಾಸ್ತಿ ಹಿಡಿಯುತ್ತೆ. ಅದಕ್ಕೇ ಬಿಳಿ ಗೋಂದು ಹಾಕಿ ಅಂದಿದ್ದು."

ಹೆಂಡತಿ ಫೋನಿಟ್ಟು, ನನ್ನ ಬಲಗೈ ಹಿಡಿದೆಳೆದು, ಹೆಬ್ಬೆರಳನ್ನು ಲೋಟಕ್ಕೆ ಒತ್ತಿಸಿ, ತಾನೇ ಪೌಡರ್ ಬಳಿದು ಅಪ್ಪನ ಮುಂದಿಟ್ಟಳು. ಮಾವನವರು ಭೂತಗನ್ನಡಿ ಹಿಡಿದು ಲೋಟವನ್ನೊಮ್ಮೆ, ಗುಮ್ಮಟವನ್ನೊಮ್ಮೆ, ಅವಸರವಿಲ್ಲದೆ ನೋಡಿದರು.

"ಸುಳಿಗೆ ಸುಳಿ ಸರಿಯಾಗಿ ಹೊಂದಿದೆ" ಎಂದರು. "ಅಳಿಯಂದಿರ ಕೈಯಲ್ಲಿ ಹೊಂದಿದ್ದು ಇದೊಂದೇ."

ತಲೆ ತಗ್ಗಿಸಿ, ಗುಮ್ಮಟ ಕಿತ್ತು ಹೊಸದು ಕೂರಿಸುತ್ತೇನೆಂದು ಕೈ ಚಾಚಿದೆ. ಅವರು ಮಾದರಿಯನ್ನು ಥಟ್ಟನೆ ತಮ್ಮೆಡೆಗೆ ಎಳೆದುಕೊಂಡರು.

"ಬೇಡ, ಹೀಗೇ ಇರಲಿ. ಮಂಜು ಬಿದ್ದ ಬೆಳಿಗ್ಗೆ ಗಾಜು ಹೀಗೇ ಕಾಣ್ತಿತ್ತು." ರೆಕ್ಕೆಯನ್ನು ಬೆರಳ ತುದಿಯಿಂದ ಸವರಿದರು. ಇಷ್ಟು ವರ್ಷಗಳ ಮೇಲೆ ಮಾವನವರು ನನ್ನನ್ನು ಒಪ್ಪಿದರು ಎಂದುಕೊಂಡೆ.

ಹುಟ್ಟುಹಬ್ಬದ ದಿನ ವಿಮಾನ ಮೇಜಿನ ನಡುವೆ ಕೂತಿತು. ಮಾವನವರ ಹಳೆಯ ಶಿಷ್ಯರು, ನೆಂಟರು, ನೆರೆಯವರು ನೆರೆದಿದ್ದರು. "ನಮ್ಮ ಅಳಿಯಂದಿರು ಕೈಯಾರೆ ಕಟ್ಟಿದ್ದು" ಎಂದು ಅವರು ಘೋಷಿಸಿದಾಗ ನಾನು ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿದೆ.

"ಇಷ್ಟು ಚೆನ್ನಾಗಿ ಮಾಡಿ, ಸಹಿ ಹಾಕಿಲ್ವಾ?" ಎಂದರು ನೆರೆಮನೆಯವರು.

"ಹಾಕದೇ ಇರ್ತಾರೆಯೇ?" ಮಾವನವರು ಗುಮ್ಮಟವನ್ನು ಬೆಳಕಿಗೆ ತಿರುಗಿಸಿ ಭೂತಗನ್ನಡಿಯನ್ನು ಅವರ ಕೈಗಿತ್ತರು. "ಅಂಗಡಿಗೆ ಬಂದೋರನ್ನೆಲ್ಲ ಕೂರಿಸಿ ಅಕ್ಷರ ಓದಿಸ್ತಾರೆ. ತಮ್ಮದು ಮಾತ್ರ ಹೆಬ್ಬೆಟ್ಟು."