ಇಟ್ಟಂಗಿಹಾಳಕ್ಕೆ ಬಂದ ರೇಸು

ನಮ್ಮ ಕಡೆಯ ಜನ ಜೂಜಾಡುವುದಿಲ್ಲ ಎಂದು ಎಪ್ಪತ್ತರ ದಶಕದಲ್ಲಿ ವಿಜಾಪುರದ ಎಲ್ಲರೂ ನಂಬಿದ್ದರು. ಇಸ್ಪೀಟು ಆಡುವವರೂ ನಂಬಿದ್ದರು.

ಹಾಗಾಗಿ, ಪುಣೆ ಕಡೆಯ ಕಂಪನಿಯೊಂದು ಇಟ್ಟಂಗಿಹಾಳದ ದನ ಮೇಯುವ ಬಯಲಿನಲ್ಲಿ ಕುದುರೆ ರೇಸಿನ ಮೈದಾನ, ಪಕ್ಕದಲ್ಲೊಂದು ಜೂಜಿನ ಕ್ಲಬ್ಬು ಕಟ್ಟುತ್ತದೆಂಬ ಸುದ್ದಿ ಬಂದಾಗ ವಿರೋಧಕ್ಕೊಂದು ಸಮಿತಿ ಹುಟ್ಟಿತು. ತಿಕೋಟಾದ ದ್ರಾಕ್ಷಿ ತೋಟದ ಸಾಹುಕಾರರು ಅಧ್ಯಕ್ಷರು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಧಾರವಾಡದ ಎಂ.ಎ. ಇದೆ ಎಂಬ ಒಂದೇ ತಪ್ಪಿಗೆ ಕಾರ್ಯದರ್ಶಿಯಾದೆ. ಸಮಿತಿಗೆ ಸಿಕ್ಕವನು ನಗಲು ಬೇರೆ ಕಡೆ ಹೋಗಬೇಕಾಗಿಲ್ಲ.

ಎಮ್ಮೆಗೆ ಪಾಸು

ಕಂಪನಿಯವನು ಊರವರನ್ನು ಒಲಿಸಲು ಬಂದ. ಇಸ್ತ್ರಿ ಪ್ಯಾಂಟು, ಬಂಗಾರದ ಬಣ್ಣದ ಚೌಕ ಕೈಗಡಿಯಾರ. ಅಂಥದು ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಅದು ಎಲ್ಲರಿಗೂ ಕಾಣುವಂತೆ ಆಗಾಗ ಕೈ ಎತ್ತಿ ಸಮಯ ನೋಡುತ್ತಿದ್ದ.

ಊರಲ್ಲೊಬ್ಬ ಅಜ್ಜಿ. ಎರಡು ಎಮ್ಮೆ ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಎಮ್ಮೆಗಳಿಗೆ ಆ ಬಯಲು ಬಿಟ್ಟರೆ ಏನೂ ಇಲ್ಲ. ಅವಳು ಎದ್ದು ಕೇಳಿದಳು: "ಯಪ್ಪಾ, ನಿನ್ನ ಕುದರಿ ಓಡಿದ್ರ ನನ್ನ ಎಮ್ಮಿ ಎಲ್ಲಿ ಮೇಯಬೇಕೊ?"

"ರೇಸು ವಾರಕ್ಕೆ ಒಂದೇ ದಿನ ಅಜ್ಜಿ. ಆ ದಿನ ನೀವೂ ಬಂದು ನೋಡಿ. ಪುಕ್ಕಟೆ ಪಾಸು ಕೊಡುತ್ತೇವೆ."

ಅಜ್ಜಿ ವಿಚಾರ ಮಾಡಿದಳು. "ನನಗ ಬ್ಯಾಡ. ಎಮ್ಮಿಗೆ ಕೊಡು. ಆವತ್ತ ಉಪವಾಸ ಇರೂದು ಅದು."

ಧರ್ಮರಾಯನ ತಪ್ಪು

ಬಬಲೇಶ್ವರದಲ್ಲಿ ಸಭೆ ಮಾಡಿದೆವು. ಜೂಜಿನ ಕೇಡು ವಿವರಿಸಲು ಒಬ್ಬ ಪುರಾಣಿಕರನ್ನು ಕರೆಸಿದ್ದೆವು. ಅವರು ಧರ್ಮರಾಯ ರಾಜ್ಯ ಕಳೆದದ್ದು, ತಮ್ಮಂದಿರನ್ನು ಕಳೆದದ್ದು, ಹೆಂಡತಿಯನ್ನು ಪಣಕ್ಕಿಟ್ಟದ್ದು ಎಲ್ಲವನ್ನೂ ಕಣ್ಣೀರು ಬರುವಂತೆ ಹೇಳಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದರಿಂದ ನಮಗ ತಿಳಿಯೂದೇನು?" ಎಂದು ಪುರಾಣಿಕರು ಕೇಳಿದರು.

ಮುಂದಿನ ಸಾಲಿನ ಹಿರಿಯರೊಬ್ಬರು ಗಂಭೀರವಾಗಿ ಹೇಳಿದರು: "ಮಂದೀ ದಾಳದಿಂದ ಆಡಬಾರದ್ರಿ. ಮನಿಯಿಂದ ತನ್ನ ದಾಳ ಒಯ್ಯಬೇಕಿತ್ತು."

ಸಭೆ ತಲೆದೂಗಿತು.

ಮೋರ್ಚಾ

ವಿಜಾಪುರದ ಜಿಲ್ಲಾಧಿಕಾರಿ ಕಚೇರಿಗೆ ಮೋರ್ಚಾ ಒಯ್ಯುವುದೆಂದು ಠರಾವಾಯಿತು. ಅಧ್ಯಕ್ಷರು ನಡೆಯುವವರಲ್ಲ. ಅವರಿಗಾಗಿ ಇಬ್ರಾಹಿಂಪುರದ ಚಾಚಾ ಒಬ್ಬರ ಟಾಂಗಾ ಗೊತ್ತು ಮಾಡಿದೆವು. ಕುದುರೆಯ ವಿರುದ್ಧದ ಮೋರ್ಚಾವನ್ನು ಕುದುರೆಯೇ ಎಳೆಯುವುದು ಸರಿಯೇ ಎಂದು ನಾನು ಕೇಳಿದೆ.

"ಇದು ದುಡಿಯೂ ಕುದರಿರಿ ಮಾಸ್ತರ. ಅವು ಬರೇ ಓಡೂವು," ಎಂದರು ಚಾಚಾ.

ಘೋಷಣೆ ಕೂಗುತ್ತ ಹೊರಟೆವು. ಅಷ್ಟರಲ್ಲಿ ದೂರದಲ್ಲಿ ರೈಲು ಸಿಳ್ಳು ಹಾಕಿತು. ಸಿಳ್ಳು ಕೇಳಿದರೆ ಸ್ಟೇಷನ್ನಿಗೆ ಓಡುವುದು ಆ ಕುದುರೆಯ ಜೀವಮಾನದ ರೂಢಿ. ಅದು ಗಕ್ಕನೆ ತಿರುಗಿತು. ಹಿಂದಿದ್ದ ಮಂದಿ, ಅಧ್ಯಕ್ಷರು ಬೇತು ಬದಲಿಸಿದರೆಂದು ತಿಳಿದು ಇನ್ನಷ್ಟು ಹುರುಪಿನಿಂದ ಕೂಗುತ್ತ ಬೆನ್ನುಹತ್ತಿದರು. ಸ್ಟೇಷನ್ನಿನಲ್ಲಿ ಒಂದು ಕುಟುಂಬ ಟ್ರಂಕು ಹಿಡಿದು ನಿಂತಿತ್ತು.

ಚಾಚಾ ಅಧ್ಯಕ್ಷರಿಗೆ ಕೈಮುಗಿದರು. "ಇಳೀರಿ ಸಾಹುಕಾರ್ರ. ಮೋರ್ಚಾ ನಾಳಿನೂ ಮಾಡಬಹುದು. ಗಿರಾಕಿ ನಾಳಿ ಇರೂದಿಲ್ಲ."

ಕಾರಹುಣ್ಣಿಮೆ

ಊರವರ ಕೊನೆಯ ಒಪ್ಪಿಗೆ ಕೇಳಲು ಕಂಪನಿಯವನು ಮತ್ತೆ ಬಂದ. ಹಿರಿಯರು ಒಪ್ಪಿದರೆ ಅಜ್ಜಿಯ ಎಮ್ಮೆಗಳ ಕಥೆ ಮುಗಿದಂತೆ. ಪುಣೆಯಲ್ಲಿ ಪಂಚಾಂಗ ನೋಡುವ ಪದ್ಧತಿ ಇಲ್ಲವೋ ಏನೋ, ಅವನು ಆರಿಸಿಕೊಂಡದ್ದು ಕಾರಹುಣ್ಣಿಮೆಯ ದಿನ.

ಅಂದು ಅದೇ ಬಯಲಿನಿಂದ ಊರ ಅಗಸಿ ಬಾಗಿಲ ತನಕ ಎತ್ತು ಓಡಿಸಿ, ಅಲ್ಲಿ ಅಡ್ಡ ಕಟ್ಟಿದ ಕರಿ ಎಂಬ ಹಗ್ಗ ಹರಿಯುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಪೀಕು ಚಲೋ, ಕೆಂದೆತ್ತು ಮುಂದಾದರೆ ಮುಂಗಾರಿ. ಯಾವುದು ಮುಂದಾಗುತ್ತದೆ ಎಂಬುದರ ಮೇಲೆ ತೆಂಗಿನಕಾಯಿ, ಹುಂಜ, ತಲೆಯ ರುಮಾಲು ಎಲ್ಲ ಪಣಕ್ಕೆ ಬೀಳುತ್ತವೆ. ಅಂದೂ ಬಿದ್ದಿದ್ದವು. ನಮ್ಮ ಸಮಿತಿಯ ಅರ್ಧ ಮಂದಿ ಅಲ್ಲೇ ಇದ್ದರು.

"ಇದೇನು ಮತ್ತೆ?" ಎಂದ ಕಂಪನಿಯವನು.

"ಜೂಜಲ್ರೀ, ಪೀಕಿನ ಭವಿಷ್ಯ," ಎಂದರು ಸಮಿತಿಯವರು.

ಅವನ ಕಣ್ಣು ಅರಳಿತು. ಅಜ್ಜಿಯನ್ನು ಮೆಲ್ಲಗೆ ಕೇಳಿದ, "ಯಾವುದು ಗೆಲ್ಲುತ್ತೆ?"

"ಕೆಂದೆತ್ತು. ಬಿಳೇದಕ್ಕ ಮುಂಜಾನಿಂದ ಹೋಳಿಗಿ ತಿನಿಸ್ಯಾರ. ಅದು ಏನ ಓಡೀತು?"

ವಿರೋಧಿ ಮುದುಕಿ ನಿಜ ಹೇಳಲಾರಳೆಂದು ಅವನ ಲೆಕ್ಕ. ಕೈಗಡಿಯಾರ ಬಿಚ್ಚಿ ಬಿಳಿ ಎತ್ತಿನ ಮೇಲೆ ಪಣ ಕಟ್ಟಿದ. ಕೆಂದೆತ್ತು ಅಗಸಿ ದಾಟಿದಾಗ ಬಿಳಿ ಎತ್ತು ನಡುದಾರಿಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಧೂಳು, ಗದ್ದಲ. ಗಡಿಯಾರ ಯಾರ ಪಾಲಾಯಿತೋ ನನಗೆ ಕಾಣಲಿಲ್ಲ.

ಬಸ್ಸು ಹತ್ತುವಾಗ ಅವನು ನನಗೆ ಹೇಳಿದ: "ನಾವು ಇಲ್ಲಿ ಹೊಸದಾಗಿ ಏನು ಕಟ್ಟೋಣ ಸಾರ್? ನೀವೇ ನಡೆಸುತ್ತಿದ್ದೀರಲ್ಲ!" ಮತ್ತೆ ಬರಲಿಲ್ಲ. ಎಮ್ಮೆಗಳು ಪಾಸಿಲ್ಲದೆ ಮೇಯ್ದುಕೊಂಡಿದ್ದವು.

ತಿಕೋಟಾದಲ್ಲಿ ಅಧ್ಯಕ್ಷರಿಗೆ ಸನ್ಮಾನವಾಯಿತು. "ನಮ್ಮ ಮಂದಿ ಜೂಜಾಡೂದಿಲ್ಲ ಅನ್ನೂದು ತಿಳದ ಮ್ಯಾಲ ಕಂಪನಿ ಓಡಿ ಹೋತು!" ಎಂದರು ಅವರು. ಚಪ್ಪಾಳೆ ನಿಲ್ಲಲಿಲ್ಲ. ಮಾತು ಉದ್ದವಾಯಿತೇನೋ ಎಂದು ಅಧ್ಯಕ್ಷರು ಕೈ ಎತ್ತಿ ಸಮಯ ನೋಡಿಕೊಂಡರು.

ಬಂಗಾರದ ಬಣ್ಣದ್ದು. ಚೌಕ.