ತಥಾಸ್ತುನಗರಿಯ ತಕರಾರಿಲ್ಲದ ಕಂಪೈಲ್

ಬಹಳ ಹಿಂದೆ, ಅಂದರೆ ಕಂಪ್ಯೂಟರ್ ಬಂದ ಮೇಲೆ ಮತ್ತು ಬುದ್ಧಿ ಬರುವ ಮೊದಲು, ತಥಾಸ್ತುನಗರಿ ಎಂಬ ರಾಜ್ಯವಿತ್ತು. ಓದುಗರು ಭೂಪಟದಲ್ಲಿ ಅದನ್ನು ಹುಡುಕುವ ಶ್ರಮ ತೆಗೆದುಕೊಳ್ಳಬಾರದು. ಕಿಟಕಿ ತೆರೆದು ನೋಡುವುದಂತೂ ಬೇಡವೇ ಬೇಡ. ಅಲ್ಲಿ ಶ್ರೀಮನ್ಮಹಾರಾಜ ಸರ್ವಾನುಮತ ಭೂಪತಿಗಳು ಯಾರನ್ನೂ ಕೇಳದೆ ರಾಜ್ಯಭಾರ ಮಾಡುತ್ತಿದ್ದರು.

ಆಸ್ಥಾನಕ್ಕೊಂದು ಸಂಪ್ರದಾಯವಿತ್ತು. ಅರಸರ ಸಮಯ ಅಮೂಲ್ಯವಾದ್ದರಿಂದ ಯಾವ ಬರಹವನ್ನೂ ಅವರ ಮುಂದೆ ಪೂರ್ತಿ ಓದುವಂತಿರಲಿಲ್ಲ. ಕೊನೆಯ ಸಾಲೊಂದನ್ನೇ ಓದಬೇಕು. ಪ್ರಜೆಗಳ ಅರ್ಜಿಗಳೆಲ್ಲ 'ಇತಿ ತಮ್ಮ ವಿಧೇಯ' ಎಂದು ಮುಗಿಯುತ್ತಿದ್ದವು. ಹೀಗಾಗಿ ಕೆರೆ ಒಡೆದರೂ, ಸೇತುವೆ ಬಿದ್ದರೂ ಅರಸರಿಗೆ ಮುಟ್ಟುತ್ತಿದ್ದ ಸಮಾಚಾರ ಒಂದೇ: ಜನ ವಿಧೇಯರಾಗಿದ್ದಾರೆ. ಇಷ್ಟು ಸುಖ ಬೇರೆ ಯಾವ ಅರಸನಿಗುಂಟು?

ಆ ರಾಜ್ಯದಲ್ಲೊಂದು ದೊಡ್ಡ ಕಣಜ. ಬೀಗ ತೆಗೆದು ಜೋಳ ಅಳೆದು ಕೊಡುವ ಪದ್ಧತಿ ತೀರಾ ಹಳ್ಳಿಗಾಡಿನದಾಯಿತೆಂದು, ರಾಣಿಯವರ ತಮ್ಮನವರೂ ಆ ಕಾರಣದಿಂದಲೇ ತಂತ್ರಾಂಶ ಸಚಿವರೂ ಆಗಿದ್ದ ಚಂಡಕೀರ್ತಿಗಳು ಒಂದು ದಿನ ಅರಿಕೆ ಮಾಡಿಕೊಂಡರು.

"ಪ್ರಭು, ನೆರೆರಾಜ್ಯದಲ್ಲಿ ಕಣಜದ ಬಾಗಿಲು ತಾನಾಗಿ ತೆರೆಯುತ್ತದೆ, ತೂಕ ತಾನಾಗಿ ಆಗುತ್ತದೆ. ಆ ತಂತ್ರಾಂಶವನ್ನು ಅವರು ಎಲ್ಲರಿಗೂ ಮುಕ್ತವಾಗಿಟ್ಟಿದ್ದಾರೆ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು."

"ಪುಕ್ಕಟೆಯೇ?" ಅರಸರು ಹುಬ್ಬೇರಿಸಿದರು.

"ಪುಕ್ಕಟೆಯೇ, ಪ್ರಭು. ತರುವ ಖರ್ಚು ಮಾತ್ರ ಸ್ವಲ್ಪ ಹೆಚ್ಚು."

ತಂತ್ರಾಂಶ ಆನೆಯ ಮೇಲೆ ಮೆರವಣಿಗೆಯಲ್ಲಿ ಬಂತು. ಅದು ಕಂಪ್ಯೂಟರಿಗೆ ಇಳಿಯುವ ಮೊದಲೇ ಕಣಜಕ್ಕೆ ಹೊಸ ಉಕ್ಕಿನ ಬಾಗಿಲು ಕೂರಿಸಿ, ಹಳೆಯ ಕೀಲಿಕೈಗಳನ್ನೆಲ್ಲ ಕರಗಿಸಿ ಸಚಿವರ ಎದೆಗೊಂದು ಪದಕ ಮಾಡಿಸಲಾಯಿತು. ಆಮೇಲೆ ಯಾರಿಗೋ ನೆನಪಾಯಿತು, ಬಂದಿರುವುದು ಮನುಷ್ಯರು ಬರೆದಿಟ್ಟ ಮೂಲ ಬರಹ. ಯಂತ್ರಕ್ಕೆ ಅರ್ಥವಾಗಬೇಕಾದರೆ ಅದನ್ನು ಕಂಪೈಲ್ ಮಾಡಬೇಕು. ಅಕ್ಕಿ ತಂದ ಮಾತ್ರಕ್ಕೆ ಅನ್ನವಾಗುತ್ತದೆಯೇ?

ಕಂಪೈಲ್ ಶುರುವಾಯಿತು. ಕೂಡಲೇ ನಿಂತಿತು. ತೆರೆಯ ಮೇಲೆ ಮಾರುದ್ದದ ಸಾಲುಗಳು ಹರಿದವು. ಚಂಡಕೀರ್ತಿಗಳು ಸಂಪ್ರದಾಯದಂತೆ ಕೊನೆಯದನ್ನು ಓದಿದರು: "ದೋಷಗಳಿಂದಾಗಿ ಕೆಲಸ ನಿಲ್ಲಿಸಲಾಗಿದೆ."

"ಯಾರ ಅಪ್ಪಣೆ ಪಡೆದು ನಿಲ್ಲಿಸಿತು?" ಎಂದು ಅರಸರು ಗುಡುಗಿದರು.

ಮತ್ತೆ ನಡೆಸಿದರು, ಮತ್ತೆ ಅದೇ ಸಾಲು. ಕಂಪ್ಯೂಟರಿಗೆ ನಿಂಬೆಹಣ್ಣು ನಿವಾಳಿಸಿದರು. ಸಾಲದ್ದಕ್ಕೆ ಇನ್ನೂ ದೊಡ್ಡ ಕಂಪ್ಯೂಟರ್ ತರಿಸಿದರು. ಅದು ಅದೇ ದೋಷವನ್ನು ಇನ್ನೂ ಬೇಗ ತೋರಿಸಿತು.

ಕಾರಣವೇನೋ ಮೊದಲ ಸಾಲಿನಲ್ಲೇ ಹಣೆಬೊಟ್ಟಿನಂತೆ ಕಾಣುತ್ತಿತ್ತು. ಬಾಗಿಲು ತೆರೆಯುವ ಭಾಗಕ್ಕೆ ತೂಕದ ಭಾಗ ಬೇಕು, ತೂಕದ ಭಾಗಕ್ಕೆ ದಿನ ತಿಥಿ ಹೇಳುವ ಪಂಚಾಂಗದ ಭಾಗ ಬೇಕು, ಅದೂ ಹೊಸ ಆವೃತ್ತಿಯದೇ ಆಗಬೇಕು. ಅರಮನೆಯಲ್ಲಿದ್ದದ್ದು ಹಳೆಯ ಆವೃತ್ತಿ. ಅದರಲ್ಲಿದ್ದ ಒಂದು ತಪ್ಪಿನಿಂದ ಅರಸರ ಹುಟ್ಟುಹಬ್ಬ ವರ್ಷಕ್ಕೆ ಎರಡು ಸಲ ಬರುತ್ತಿತ್ತು. ಅರಮನೆಯ ಗಂಟೆ, ತುತ್ತೂರಿ, ಲಾಡು ಎಲ್ಲವೂ ಆ ತಪ್ಪನ್ನೇ ನಂಬಿಕೊಂಡಿದ್ದವು. ಅದನ್ನು ತಿದ್ದುವ ಗಂಡೆದೆ ಯಾರಿಗಿತ್ತು?

ಇತ್ತ ಉಕ್ಕಿನ ಬಾಗಿಲ ಮುಂದೆ ಜನ ಪಾಳಿ ಹಚ್ಚಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಇದ್ದವಳು ನೇಕಾರರ ಓಣಿಯ ನೀಲವ್ವ.

"ಯಪ್ಪಾ, ಸೊಸಿ ಹಡದಾಳ. ಮನ್ಯಾಗ ಒಂದ್ ಹಿಡಿ ಜ್ವಾಳಾ ಇಲ್ಲ. ಆಕಿ ಉಂಡ್ರ ಅಲ್ಲೇನು ಕೂಸಿಗೆ ಹಾಲ ಬರೂದು? ಬಾಗ್ಲಾ ತಗೀಯೋ."

"ತಗ್ಯಾಕ ಕೀಲಿ ಇಲ್ಲಬೇ," ಎಂದ ಕಾವಲುಗಾರ. "ಕಂಪೈಲ್ ಆಗಾಕತ್ತೈತಿ."

"ಬ್ಯಾನಿ ತಿನ್ನಾಕತ್ತು ಭಾಳ ದಿನಾ ಆತಲ್ಲೋ. ಅದ್ಯಾವಾಗ ಹಡೀತೈತಿ?"

ಅವಳು ಬರೆಸಿ ಕಳಿಸಿದ ಅರ್ಜಿಯ ಕೊನೆಯ ಸಾಲು ಆಸ್ಥಾನದಲ್ಲಿ ಮೊಳಗಿತು. ಹಸಿದರೂ ವಿಧೇಯಳು ಎಂಬ ಮಾತು ಅರಸರ ಕಿವಿಗೆ ಅರ್ಧ ಮಾತ್ರ ಬಿತ್ತು, ಅದೂ ಹಿತವಾದ ಅರ್ಧ.

ಕೊನೆಗೆ ನಾಚಿಕೆ ಬಿಟ್ಟು ನೆರೆರಾಜ್ಯದ ತಂತ್ರಾಂಶದವರನ್ನೇ ಕೇಳಿದರು. ಅವರು ಒಳ್ಳೆಯ ಜನ, ಅಂದೇ ಉತ್ತರ ಕೊಟ್ಟರು: "ಮೊದಲ ಸಾಲು ಓದಿ ಸ್ವಾಮಿ, ಉಳಿದ ದೋಷಗಳೆಲ್ಲ ಅದರ ಮರಿಗಳು. ಹಳೆಯ ಪಂಚಾಂಗ ಅರಮನೆಗೆ ಇರಲಿ. ಹೊಸದನ್ನು ಕಣಜದ ತಂತ್ರಾಂಶದ ಪಕ್ಕದಲ್ಲೇ ಬೇರೆಯಾಗಿ ಇಟ್ಟುಕೊಳ್ಳಿ. ಒಂದಕ್ಕೊಂದು ತಾಗದಿದ್ದರೆ ಆಯಿತು. ಒಂದು ಮಧ್ಯಾಹ್ನದ ಕೆಲಸ. ಶುಭವಾಗಲಿ."

ಆಸ್ಥಾನದಲ್ಲಿ ಓದಿದ್ದು: "ಶುಭವಾಗಲಿ."

"ನೋಡಿದಿರಾ! ಶತ್ರುಗಳೂ ನಮ್ಮನ್ನು ಹರಸುತ್ತಿದ್ದಾರೆ," ಎಂದು ಅರಸರು ಹಿಗ್ಗಿದರು.

ಚಂಡಕೀರ್ತಿಗಳು ಮೇಲಿನ ಸಾಲುಗಳನ್ನೂ ಓರೆಗಣ್ಣಿನಲ್ಲಿ ಓದಿದ್ದರೆಂದು ನನ್ನ ಗುಮಾನಿ. ಆದರೆ ಓದಿದೆನೆಂದರೆ ಸಂಪ್ರದಾಯ ಮುರಿದಂತೆ, ಸಂಪ್ರದಾಯ ಮುರಿದರೆ ಪದಕ ಹೋದಂತೆ. ಒಬ್ಬ ಬಾಣಂತಿಯ ಗಂಜಿಗಾಗಿ ಯಾವ ಸಚಿವ ಪದಕ ಬಿಟ್ಟುಕೊಟ್ಟಾನು? ಅವರು ಗಂಟಲು ಸರಿಪಡಿಸಿಕೊಂಡು, "ಪ್ರಭುಗಳೇ ದಾರಿ ತೋರಬೇಕು. ತಮಗೆ ಹೊಳೆಯದ್ದು ಲೋಕದಲ್ಲಿ ಯಾರಿಗೂ ಹೊಳೆಯಬಾರದು," ಎಂದರು.

ಅರಸರು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದಲ್ಲಿ ತೇಜಸ್ಸಿತ್ತು. "ಈ ಆಸ್ಥಾನದಲ್ಲಿ ತಕರಾರು ಮಾಡಿದವರನ್ನು ನಾವು ಏನು ಮಾಡುತ್ತೇವೆ?"

"ಕಿತ್ತು ಹಾಕುತ್ತೇವೆ, ಪ್ರಭು."

"ತಂತ್ರಾಂಶಕ್ಕೇನು ಬೇರೆ ನ್ಯಾಯವೇ?"

ಸಭೆ ಧನ್ಯ ಧನ್ಯ ಎಂದಿತು. ಮೊದಲು ತಕರಾರು ಮಾಡಿದ್ದು ತೂಕದ ಭಾಗ, ಅದನ್ನು ಕಿತ್ತರು. ತೂಕವಿಲ್ಲದೆ ಧಾನ್ಯ ಹಂಚಲಾರೆನೆಂದು ವಿತರಣೆಯ ಭಾಗ ಗೊಣಗಿತು, ಅದನ್ನೂ ಕಿತ್ತರು. ಹಂಚುವುದಿಲ್ಲವಾದರೆ ನಾನೇಕೆ ತೆರೆಯಲಿ ಎಂದು ಬಾಗಿಲಿನ ಭಾಗ ಕೇಳಿತು. ಇಂಥ ಉದ್ಧಟತನ ಸಹಿಸಲು ಸಾಧ್ಯವೇ? ಅದೂ ಹೋಯಿತು. ಕೊನೆಗೆ ಉಳಿದದ್ದು ಕೈಮುಗಿದು ನಿಂತ ಅರಸರ ಚಿತ್ರ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಭಾಗ, ಧನ್ಯವಾದ ಹೇಳುವ ಭಾಗ. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪೈಲ್ ಮುಗಿಯಿತು. ಕೊನೆಯ ಸಾಲು ಹೇಳಿತು: "ಯಾವ ದೋಷವೂ ಇಲ್ಲ."

ಅರಸರಿಗೆ 'ಕಂಪೈಲ್ ಚಕ್ರವರ್ತಿ' ಎಂಬ ಬಿರುದಾಯಿತು. ಚಂಡಕೀರ್ತಿಗಳು ಮಹಾಮಂತ್ರಿಗಳಾದರು. ಉದ್ಘಾಟನೆಯ ದಿನ ಮೊದಲ ಹೆಬ್ಬೆಟ್ಟು ನೀಲವ್ವನದು. ತೆರೆ ಬೆಳಗಿತು: "ಧಾನ್ಯ ವಿತರಣೆ ಯಶಸ್ವಿಯಾಗಿದೆ. ಹೊಟ್ಟೆ ತುಂಬ ಉಣ್ಣಿರಿ."

ಬಾಗಿಲು ಮಿಸುಕಲಿಲ್ಲ.

"ಜ್ವಾಳಾ?" ಎಂದಳು ನೀಲವ್ವ, ಖಾಲಿ ಚೀಲ ಹಿಡಿದು.

"ಕೊಟ್ಟೈತಂತ ಬರದೈತಲ್ಲಬೇ," ಎಂದ ಕಾವಲುಗಾರ. ಅವನ ದನಿಯೂ ಸಣ್ಣಗಾಗಿತ್ತು. "ಒಂದ್ ಸಲ ಕೊಟ್ಟ ಮ್ಯಾಗ ಮತ್ತ ಕೇಳಂಗಿಲ್ಲ."

ಅವಳು ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಇಲಿಗಳು ಆರಾಮಾಗಿ ಜೋಳ ಕಡಿಯುತ್ತಿದ್ದವು. ಅವಕ್ಕೆ ಯಾವ ಪಂಚಾಂಗದ ಹಂಗೂ ಇರಲಿಲ್ಲ.

ಮರುದಿನ ಫರ್ಮಾನು ಹೊರಟಿತು. ಎಲ್ಲರೂ ಉಂಡಿರುವುದು ತಂತ್ರಾಂಶದಿಂದ ದೃಢಪಟ್ಟಿರುವುದರಿಂದ, ಇನ್ನು ಮುಂದೆ ಹಸಿದ ಮುಖ ಹೊತ್ತು ಬೀದಿಗೆ ಬರುವುದು ರಾಜದ್ರೋಹ. ಚಕ್ರವರ್ತಿಗಳು ಆನೆಯೇರಿ ಪ್ರಜೆಗಳ ತೃಪ್ತಿಯನ್ನು ಖುದ್ದು ಪರಿಶೀಲಿಸುತ್ತಾರೆ.

ಜನ ಎಲೆ ಅಡಿಕೆ ಹುಡುಕಿದರು. ಉಂಡವರ ಬಾಯಿ ಕೆಂಪಗಿರಬೇಕಲ್ಲ! ಖಾಲಿ ಹೊಟ್ಟೆಯ ಮೇಲೆ ಎಲೆ ಜಗಿದು ತಲೆ ಸುತ್ತಿ ಬಿದ್ದವರೂ ಇದ್ದರು. ಊರಿನ ಎಲೆ ನೇಕಾರರ ಓಣಿ ಮುಟ್ಟುವಷ್ಟರಲ್ಲಿ ತೀರಿಹೋಯಿತು. ನನಗೆ ಇಲ್ಲಿಂದ ಮುಂದೆ ನಗು ಬರುವುದಿಲ್ಲ, ಕ್ಷಮಿಸಬೇಕು.

ಆನೆ ಓಣಿಗೆ ಬಂತು. ನೀಲವ್ವ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ. ಬೆನ್ನ ಹಿಂದೆ ಈಟಿ ಹಿಡಿದ ಭಟ.

"ಎಂಥ ಶಾಂತ ಶಿಶು!" ಎಂದು ಚಕ್ರವರ್ತಿಗಳು ಮೆಚ್ಚಿದರು. "ಊಟವಾಯಿತೇ, ತಾಯಿ?"

"ಆತ್ರಿ, ಮಹಾಸ್ವಾಮಿ," ಎಂದಳು ನೀಲವ್ವ. ಎಲೆ ಸಿಗದವಳು ತುಟಿಯನ್ನು ಹಲ್ಲಿನಿಂದ ಕಚ್ಚಿಕೊಂಡಿದ್ದಳು.

ಗದ್ದದ ಮೇಲೆ ಇಳಿಯುತ್ತಿದ್ದ ಕೆಂಪನ್ನು ಚಕ್ರವರ್ತಿಗಳು ಆನೆಯ ಮೇಲಿಂದ ಅಕ್ಕರೆಯಿಂದ ನೋಡಿದರು. ಮಹಾಮಂತ್ರಿಗಳ ಕಡೆಗೆ ಬಾಗಿ, "ಎಷ್ಟು ತಿಂದಿದ್ದಾಳೆ ನೋಡಿ, ಬಾಯಿ ಒರೆಸಿಕೊಳ್ಳಲೂ ಪುರಸೊತ್ತಾಗಿಲ್ಲ," ಎಂದರು.