ಎಡೆಗೆ ಎರಡನೆಯ ವೈನು

ಇದೇ ಕೊನೆಯ ಮಾಮೂಲಿ ದಿನ ಎಂದು ಯಾರಾದರೂ ಮೊದಲೇ ತಿಳಿಸಿದ್ದರೆ, ಆ ಶನಿವಾರ ಸಂಜೆ ನಾನು ಕಾರು ತೊಳೆಯುತ್ತಾ ಕೂರುತ್ತಿರಲಿಲ್ಲ. ನನ್ನ ಹೆಂಡತಿ ಸುಮಿತ್ರ ಕ್ಯುಪರ್ಟಿನೋದ ವೈನು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಒಂದು ಗುಟುಕೂ ಕುಡಿದವಳಲ್ಲ. ಆದರೂ ಷೇರು ಏರಿದ ಖುಷಿಯಲ್ಲಿ ಅಂಗಡಿಗೆ ನುಗ್ಗುವ ಡಾಟ್ ಕಾಮ್ ಹುಡುಗರಿಗೆ ಫ್ರಾನ್ಸಿನ ಹಳೆಯ ದ್ರಾಕ್ಷಿ ಎಸ್ಟೇಟುಗಳ ಬಗ್ಗೆ ಪಾಠ ಹೇಳುತ್ತಿದ್ದಳು. ಆ ಸಂಜೆ ಒಂದು ಬಾಟಲಿ ತಂದು ಅಕ್ಕಿ ಡ್ರಮ್ಮಿನ ಮೇಲಿಟ್ಟಳು.

“ದೊಡ್ಡ ಎಸ್ಟೇಟಿಂದು. ಆದ್ರೆ ಅವರ ಸೆಕೆಂಡ್ ವೈನು.”

“ಡ್ಯಾಮೇಜ್ ಮಾಲಾ?”

“ನಿಮ್ಮ ತಲೆ! ಅದೇ ತೋಟ, ಅದೇ ಕೈ. ಎಳೇ ಬಳ್ಳಿ ಹಣ್ಣು, ಮೊದಲನೇದಕ್ಕೆ ಬೇಡ ಅಂತ ಬಿಟ್ಟ ಪೀಪಾಯಿಗಳು, ಎಲ್ಲಾ ಸೇರಿಸಿ ಬೇರೆ ಹೆಸರಲ್ಲಿ ಮಾರ್ತಾರೆ. ಮೊದಲನೇದು ಹದಕ್ಕೆ ಬರೋಕೆ ವರ್ಷಾನುಗಟ್ಟಲೆ ಕಾಯ್ಬೇಕು. ಇದಕ್ಕೆ ಅಷ್ಟು ಕಾಯೋದು ಬೇಡ.”

“ಕುಡಿಯೋರು ಯಾರು?”

“ನಾನೇ. ಮಾರೋ ಮಾಲು ಹೇಗಿರುತ್ತೆ ಅಂತ ಒಂದ್ಸಲನಾದ್ರೂ ಗೊತ್ತಾಗ್ಬೇಡ್ವಾ? ನಾಳೆ ನೋಡ್ತೀನಿ.”

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಪಿತೃಪಕ್ಷ ಬಂದಾಗ ಹತ್ತಿರದ ಮಾರ್ಗನ್ ಹಿಲ್‌ನಲ್ಲಿ ಮಗನ ಜೊತೆಗಿರುವ ನನ್ನ ಅಕ್ಕ ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಡುವುದು ಮಂಡ್ಯ ಕಡೆಯ ನಮ್ಮ ಪದ್ಧತಿ. ಅಪ್ಪನಿಗೆ ಮುದ್ದೆ, ಕೋಳಿಸಾರು, ಬೀಡಿ, ಬ್ರಾಂದಿ. ಸುಮಿತ್ರಳಿಗೆ ಒಬ್ಬಟ್ಟು, ಅವರೆಕಾಳು ಉಪ್ಪಿಟ್ಟು ಎಂದು ನಾನು ಜಂಬದಿಂದ ಒಪ್ಪಿಸಿದೆ. ಅಕ್ಕನ ಕಣ್ಣು ಅಕ್ಕಿ ಡ್ರಮ್ಮಿನ ಮೇಲಿನ ಬಾಟಲಿಯತ್ತ ಇತ್ತು.

“ಅದ್ಯಾಕ್ಲಾ ಅಲ್ಲೇ ಮಡಗಿದ್ದೀಯ?”

“ಅವಳು ಕುಡೀತಿರ್ಲಿಲ್ಲ ಕಣಕ್ಕ.”

“ಕುಡೀಬೇಕು ಅಂತ ತಾನೇ ತಂದಿದ್ದು? ಅಪ್ಪಯ್ಯಂಗೆ ಬ್ರಾಂದಿ ಮಡಗೋ ಮನೇಲಿ ಹೆಂಗಸ್ರಿಗೆ ಆಸೆ ಇರಬಾರ್ದಾ?”

“ಡ್ಯಾಡ್, ಜಸ್ಟ್ ಓಪನ್ ಇಟ್,” ಎಂದಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ಮಗಳು.

ವೈನು ಮಾರುವವಳ ಮನೆಯಲ್ಲಿ ಬಿರಡೆ ತೆಗೆಯುವ ಸಾಧನವಿರಲಿಲ್ಲ. ಎಂಜಿನಿಯರಾದ ನಾನು ಸ್ಕ್ರೂಡ್ರೈವರ್ ತಂದು ಬಿರಡೆಯನ್ನು ಒಳಕ್ಕೇ ತಳ್ಳಿ, ಗೋಡೆಗಷ್ಟು, ಅಂಗಿಗಷ್ಟು ಹಂಚಿ, ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಸುರಿದೆ. ಎಡೆಯಿಟ್ಟು ಧೂಪ ಹಾಕಿದೆವು. ಹೋದವರು ನಿರಾಳವಾಗಿ ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ನಿಂತರೆ, ಒಳಗೆ ಹೊಗೆಯ ಅಲಾರಾಂ ಅರಚತೊಡಗಿತು. ಎದುರು ಮನೆಯಾಕೆ ಇಣುಕಿ, ಬೆಂಕಿಯೇ ಎಂದು ಕೇಳಿದಳು. ಒಳಗೆ ನನ್ನ ಹೆಂಡತಿ ಊಟ ಮಾಡುತ್ತಿದ್ದಾಳೆ ಎಂದುಬಿಟ್ಟೆ. ಆಕೆ ತಲೆ ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು.

ಒಳಗೆ ಹೋದಾಗ ಲೋಟ ಹಾಗೇ ಇತ್ತು. ಎಡೆಯದ್ದನ್ನು ಬಿಸಾಡುವಂತಿಲ್ಲ, ಹಂಚಿಕೊಂಡೆವು. “ಥೂ, ಒಗರು!” ಎಂದಳು ಅಕ್ಕ. ಮಗಳು “ನಾಟ್ ಬ್ಯಾಡ್” ಎಂದಳು. ಈಗ ಮನೆಗೆ ಬಂದವರಿಗೆ ಎಳೇ ಬಳ್ಳಿ, ಪೀಪಾಯಿ ಎಂದು ನಾನೇ ಪಾಠ ಹೇಳುತ್ತೇನೆ. ನಾನು ಕುಡಿದದ್ದು ಒಂದೇ ಗುಟುಕು. ಅವಳಿಗೆ ಅದು ಹಿಡಿಸುತ್ತಿತ್ತೋ ಇಲ್ಲವೋ, ಅದು ಮಾತ್ರ ನನಗೆ ಗೊತ್ತಿಲ್ಲ.